ಮೊಳೆ ಕೇಸಿನಲ್ಲಿ ಜಪಾನ್

೯ ಆಗಸ್ಟ್ ೧೯೭೦, ಭಾನುವಾರ. ಹುಣಸೂರು

ಬೆಳಿಗ್ಗೆ ಏಳರಿಂದ ಎಂಟೂಕಾಲು ರೇಡಿಯೊ. ಹದಿನೈದು ಮೀಟರ್ ಬ್ಯಾಂಡ್. ಒಂಬತ್ತು ಜಪಾನ್, ಒಂದು ನ್ಯೂಜಿಲೆಂಡ್. ಆಮೇಲೆ ಪ್ರೆಸ್. ಕಟ್ಟೆಮಳಲವಾಡಿಯ ಮದುವೆ, ಮುನ್ನೂರು ಲಗ್ನಪತ್ರಿಕೆ. ವರನ ಹೆಸರಿನ ಮುಂದೆ ಬಿ.ಎ. ಹಾಕಬೇಕಂತೆ, ಇನ್ನೂ ಪಾಸಾಗಿಲ್ಲ. ಹಾಕಿದೆ. ನನಗೇನು.

ನಿನ್ನೆಯ ಟಪಾಲಿನಲ್ಲಿ ಬಂದ ಒಸಾಕದವನ ಕಾರ್ಡ್ ಮಧ್ಯಾಹ್ನ ತೆಗೆದೆ. ‘ಕಳೆದ ವರ್ಷ ನಾವಿಬ್ಬರೂ ಮಾತಾಡಿದ್ದೆವು, ಖಾತ್ರಿ ಮಾಡಿ’ ಎಂದು. ಮಾತೆಂದರೆ ಬಾಯಿಮಾತಲ್ಲ, ಮೋರ್ಸ್ ಕೀಲಿ ಕುಟ್ಟಿ ಚುಕ್ಕಿ ಗೆರೆ ಕಳಿಸಿದ್ದು. ಸರ್ಕಾರ ನನಗೆ ಕೊಟ್ಟಿರುವ ಹವ್ಯಾಸಿ ರೇಡಿಯೊ ಲೈಸೆನ್ಸಿನ ಪ್ರಕಾರ ಯಾರ ಜೊತೆ, ಯಾವ ಹೊತ್ತಿಗೆ ಎಂದು ಪ್ರತಿಯೊಂದನ್ನೂ ಲಾಗ್ ಪುಸ್ತಕದಲ್ಲಿ ಬರೆಯಬೇಕು. ಬರೆದಿದ್ದೇನೆ. ಆದರೆ ತಾರೀಖಿನ ಪ್ರಕಾರ ಬರೆದದ್ದರಲ್ಲಿ ಒಬ್ಬನ ಹೆಸರು ಹುಡುಕುವುದು ಹೇಗೆ? ಮುಕ್ಕಾಲು ಗಂಟೆ ಪುಟ ಮಗುಚಿದೆ. ಸಿಕ್ಕಿತು. ಅಷ್ಟರಲ್ಲಿ ಟ್ರೆಡಲ್ ಅಚ್ಚುಯಂತ್ರದ ಶಾಯಿ ಒಣಗಿತ್ತು.

ದಿನನಿತ್ಯಕ್ಕೇ ಈ ಪಾಡು. ಸ್ಪರ್ಧೆಯಲ್ಲಿ? ನವೆಂಬರಿನ ದೊಡ್ಡ ಸ್ಪರ್ಧೆ ಎರಡು ದಿನ. ಆದಷ್ಟು ಹೆಚ್ಚು ಸ್ಟೇಷನ್ ಹಿಡಿಯಬೇಕು, ಒಬ್ಬನನ್ನು ಒಂದೇ ಸಲ. ಹೋದ ವರ್ಷ ನನ್ನ ಲಾಗಿನಲ್ಲಿ ನಲವತ್ತೊಂದು ಮಂದಿ ಎರಡೆರಡು ಸಲ. ನಾಚಿಕೆಯಾಗಿ ಲಾಗನ್ನೇ ಕಳಿಸಲಿಲ್ಲ. ಸಾಲಿಗ್ರಾಮದ ರುದ್ರಸ್ವಾಮಿ ಕಳಿಸಿದ. ಪಂಪ್‌ಸೆಟ್ ರಿಪೇರಿಯವನು, ನನ್ನ ಹಾಗೇ ಲೈಸೆನ್ಸುದಾರ, ಸ್ನೇಹಿತ. ಸ್ಪರ್ಧೆ ನಡೆಸುವ ಅಮೆರಿಕದ ಪತ್ರಿಕೆಯಲ್ಲಿ ಅವನ ಹೆಸರು ಅಚ್ಚಾಯಿತಂತೆ. ಪತ್ರಿಕೆ ತೋರಿಸಪ್ಪಾ ಎಂದರೆ ಮೈಸೂರಿನಲ್ಲಿ ಯಾರಿಗೋ ಓದಲು ಕೊಟ್ಟಿದ್ದಾನಂತೆ.

ಇಪ್ಪತ್ತೆರಡು ವರ್ಷದಿಂದ ಈ ಸೀಮೆಯವರ ಹೆಸರನ್ನೆಲ್ಲ ಅಚ್ಚಿನ ಮೊಳೆಯಲ್ಲಿ ಜೋಡಿಸಿದ್ದೇನೆ. ಮದುವೆಯಾದವರು, ಸತ್ತವರು, ಎಲೆಕ್ಷನ್ನಿಗೆ ನಿಂತು ಸೋತವರು. ಖದೀರ್ ಎನ್ನುವ ಹೆಸರನ್ನು ಇನ್ನೊಬ್ಬರು ಜೋಡಿಸಿದ್ದು ಒಂದು ಸಲವೂ ನೋಡಿಲ್ಲ. ನನ್ನ ಬಿಲ್ ಪುಸ್ತಕದ ಮೇಲಿರುವುದು ನಾನೇ ಹಾಕಿಕೊಂಡದ್ದು, ಅದನ್ನು ಹೆಚ್ಚುಗಾರಿಕೆ ಅನ್ನುವುದಕ್ಕಾಗುತ್ತದೆಯೇ? ಒಂದೇ ಒಂದು ಸಲ ನೋಡಬೇಕು. ಈ ವರ್ಷವೇ.

೨೩ ಆಗಸ್ಟ್

ದಿನನಿತ್ಯದ್ದು ತೀರ್ಮಾನವಾಯಿತು. ಸರ್ಕಾರಕ್ಕೆ ದಪ್ಪ ರಟ್ಟಿನ ಪುಸ್ತಕ, ನಾನೇ ಹೊಲಿದದ್ದು. ನನಗೆ ಬಿಸ್ಕತ್ ಡಬ್ಬಿ: ಲಗ್ನಪತ್ರಿಕೆ ಕತ್ತರಿಸಿದ ಅಂಚುಗಳಲ್ಲಿ ಸ್ಟೇಷನ್ನಿಗೊಂದು ಚೀಟಿ, ಅಕ್ಷರದ ಪ್ರಕಾರ ನಿಲ್ಲಿಸಿದ್ದು. ಒಸಾಕದವನು ಈಗ ಅರ್ಧ ನಿಮಿಷದಲ್ಲಿ ಕೈಗೆ ಸಿಗುತ್ತಾನೆ. ಗಡಿಯಾರ ಇಟ್ಟು ನೋಡಿದೆ.

ಸ್ಪರ್ಧೆಗೆ ಡಬ್ಬಿ ಆಗದು. ಚೀಟಿ ಮಗುಚುವಷ್ಟರಲ್ಲಿ ಅವನು ಹೋಗಿಬಿಟ್ಟಿರುತ್ತಾನೆ. ಅದಕ್ಕೆ ಚೆಕ್ ಶೀಟ್ ಛಾಪಿಸಿದೆ. ದೊಡ್ಡ ಹಾಳೆ, ಇಪ್ಪತ್ತಾರು ಚೌಕ, ಚೌಕಕ್ಕೊಂದು ಅಕ್ಷರ. ಸ್ಟೇಷನ್ನಿನ ಗುರುತಕ್ಷರ, ಅದೇ ಕಾಲ್‌ಸೈನ್, ಅದರ ಮೊದಲ ಅಕ್ಷರ ನೋಡು, ಆ ಚೌಕದಲ್ಲಿ ಇದ್ದಾನೋ ಇಲ್ಲವೋ ನೋಡು, ಮುಗಿಯಿತು. ಗೆರೆ ಎಷ್ಟು ನೇರ! ಮೈಸೂರಿನ ಯಾವ ಪ್ರೆಸ್ಸಿನವನೂ ಹೀಗೆ ಮೂಲೆ ಕೂಡಿಸಲಾರ. ನನ್ನ ಹೆಂಡತಿ ತಾಜು ಪ್ರೂಫ್ ನೋಡಿದಳು. ತಪ್ಪಿಲ್ಲ ಎಂದಳು. ಇನ್ನೂರು ಹೊಡೆದು ಮದ್ರಾಸು, ಬೆಂಗಳೂರು, ಸಾಲಿಗ್ರಾಮ ಎಲ್ಲ ಕಡೆ ಪರಿಚಯದವರಿಗೆ ಅಂಚೆಗೆ ಹಾಕಿದೆ. ಉಚಿತ. ಖದೀರನ ಕೆಲಸ ಏನೆಂದು ಗೊತ್ತಾಗಲಿ.

೧೩ ಸೆಪ್ಟೆಂಬರ್

ರುದ್ರಸ್ವಾಮಿ ಮೊದಲ ಬಸ್ಸಿಗೇ ಬಂದಿಳಿದ. ಹಾಳೆ ಬಿಚ್ಚಿ ಮೇಜಿನ ಮೇಲೆ ಹರಡಿದ.

‘ಸಾಯೇಬ್ರೇ, ಜೆ ಎಲ್ರೀ?’

‘ಅದರ ಜಾಗದಲ್ಲೇ ಇದೆ.’

‘ಐ ಆದ್ಮೇಲೆ ಕೆ ಬಂದದೆ ಕಣ್ರೀ. ಟಿ ಆದ್ಮೇಲೆ ವಿ. ಜೆ ಮತ್ತೆ ಯು ಜಡ್ ಆದ್ಮೇಲೆ ಮೂಲೇಲಿ ಕುಂತವೆ. ನಿನ್ನೆಯೆಲ್ಲ ಜೆ ಅಂತ ಸುರುವಾಗೋ ಜಪಾನ್ನೋರ್ನ ಉಡ್ಕಿ ಉಡ್ಕಿ ಸಾಕಾಯ್ತು!’

ನೋಡಿದೆ. ಯಾ ಅಲ್ಲಾ. ನಿಜ.

ಇಂಗ್ಲಿಷ್ ದೊಡ್ಡಕ್ಷರದ ಮೊಳೆ ಇಡುವ ಕೇಸಿನ ಮನೆಗಳಲ್ಲಿ, ಅಂದರೆ ಖಾನೆಗಳಲ್ಲಿ, ಜೆ ಮತ್ತು ಯು ಕೊನೆಗೇ ಇರುವುದು. ಯಾರು ಯಾವ ಕಾಲದಲ್ಲಿ ಹಾಗೆ ಮಾಡಿದರೋ, ನನ್ನ ಉಸ್ತಾದ್ ಹಾಗೆ ಕಲಿಸಿದರು, ನನ್ನ ಕೈ ಹಾಗೇ ಹೋಗುತ್ತದೆ. ಎಡದಿಂದ ಒಂದೊಂದು ಮನೆಗೂ ಕೈಹಾಕಿ ಎತ್ತಿ ಇಟ್ಟಿದ್ದೇನೆ. ಪ್ರೂಫ್ ನೋಡಿದವಳ ಕಣ್ಣೂ ಅದೇ ಕೇಸಿನದು. ತಾಜು ಎಂಟು ವರ್ಷದಿಂದ ಛಾಪಿಸಿ ಆದ ಮೊಳೆಗಳನ್ನು ವಾಪಸ್ ಅವುಗಳ ಮನೆಗೆ ಹಾಕುತ್ತಿದ್ದಾಳೆ. ಇಬ್ಬರಿಗೂ ಅದು ತಪ್ಪೆಂದು ಹೊಳೆಯಲೇ ಇಲ್ಲ.

ಸೋಲೊಪ್ಪುತ್ತೇನೆಯೇ? ‘ಜಪಾನಿನವರು ಜಾಸ್ತಿ. ಅವರಿಗೆ ಬೇರೆ ಮೂಲೆ ಇರಲೆಂದು ಬೇಕೆಂತಲೇ ಹಾಕಿದ್ದು’ ಎಂದೆ. ರುದ್ರಸ್ವಾಮಿ ನಕ್ಕು ನಕ್ಕು ಬೆಂಚಿನ ಮೇಲೆ ಕುಸಿದ. ‘ಬುಡ್ರೀ ಸಾಯೇಬ್ರೇ, ಬುಡ್ರೀ’ ಎಂದು ನನ್ನ ಮನೆಯ ಚಾ ಕುಡಿದೇ ಹೋದ. ಇನ್ನೂರು ಹಾಳೆ! ಊರೂರಿಗೆ ನಾನೇ ಕಳಿಸಿ ಮಾನ ಕಳೆದುಕೊಂಡೆ.

ಅದೇ ದಿನ, ಸಂಜೆ

ಉಳಿದ ಹಾಳೆ ಹರಿದು ಹಾಕುತ್ತಿದ್ದೆ. ತಾಜು ಕೇಸಿನ ಮುಂದೆ ನಿಂತು ಮೊಳೆ ಹಾಕುತ್ತಿದ್ದಳು, ಕಣ್ಣು ನನ್ನ ಮೇಲೆ, ಕೈ ತನ್ನ ಪಾಡಿಗೆ ತಾನು. ಟಿಕ್ ಟಿಕ್ ಎಂದು ಒಂದೊಂದೂ ಅದರದರ ಮನೆಗೆ.

‘ಏನ್ರೀ, ಕೈಗೆ ಕೇಸ್ ಗೊತ್ತಿರೋವಾಗ ಕಾಗದ ಯಾಕೆ? ಚೀಟಿನ ಕೇಸಿಗೇ ಹಾಕಿದ್ರಾಯ್ತಲ್ಲ?’

ಹಾಳೆ ಬದಿಗಿಟ್ಟೆ. ಖಾಲಿ ಕೇಸೊಂದು ಅಟ್ಟದ ಮೇಲಿತ್ತು. ಇಳಿಸಿ ಧೂಳು ಒರೆಸಿದೆ. ತೊಂಬತ್ತೆಂಟು ಮನೆ. ಎಡ ಅರ್ಧ ಜಪಾನಿಗೆ, ಬಲ ಅರ್ಧ ಮಿಕ್ಕ ಲೋಕಕ್ಕೆ. ಕಾಲ್‌ಸೈನಿನ ಮೊದಲಲ್ಲ, ಕೊನೆಯ ಅಕ್ಷರ ನೋಡಿ ಹಾಕಬೇಕು, ಆಗ ಎಲ್ಲರೂ ಹಂಚಿಹೋಗುತ್ತಾರೆ — ಇದೂ ಅವಳದ್ದೇ ಬುದ್ಧಿ. ಹಳದಿ ಚೀಟಿ ಜಪಾನ್, ಗುಲಾಬಿ ಬೇರೆಯವರು. ಹಳೆಯ ಲಾಗಿನಿಂದ ನೂರು ಹೆಸರು ಓದಿದೆ, ಅವಳು ಹಾಕಿದಳು. ಮಧ್ಯೆ ಮಧ್ಯೆ ಬೇಕೆಂತಲೇ ಹತ್ತನ್ನು ಎರಡು ಸಲ ಓದಿದೆ. ಹತ್ತನ್ನೂ ಹಿಡಿದಳು. ಒಂದೂ ಬಿಡಲಿಲ್ಲ! ನನ್ನ ಹೆಂಡತಿ!

೨೫ ಅಕ್ಟೋಬರ್

ಆರು ವಾರ ಬರೆಯಲಿಲ್ಲ. ಪುರುಸೊತ್ತಿಲ್ಲ. ದಿನಾ ಬೆಳಿಗ್ಗೆ ಒಂದು ಗಂಟೆ ಅಭ್ಯಾಸ.

ಈಗ ಹೀಗೆ: ನಾನು ಕೇಳುತ್ತಾ ಪ್ಯಾಡಿನ ಮೇಲೆ ಹೆಸರು ಬರೆಯುತ್ತೇನೆ. ಅವಳು ನೋಡಿ ಕೇಸಿಗೆ ಕೈ ಹಾಕುತ್ತಾಳೆ. ಹೊಸಬನಾದರೆ ಮೇಜಿನ ಮೇಲೆ ಒಂದು ಕುಟ್ಟು, ಹಳಬನಾದರೆ ಎರಡು. ಒಂದಾದರೆ ಉತ್ತರ ಕೊಡುತ್ತೇನೆ. ಎರಡಾದರೆ ಬಿಡುತ್ತೇನೆ. ಹೊತ್ತು, ನಂಬರು ಎಲ್ಲ ಅವಳೇ ಲಾಗಿಗೆ ಏರಿಸುತ್ತಾಳೆ. ನನ್ನ ಅಕ್ಷರಕ್ಕಿಂತ ಎಷ್ಟೋ ಮೇಲು.

ಅಮ್ಮಿ ಕೇಳಿದರು. ‘ಪರಾಯಿ ಗಂಡಸರ ಮಾತು ಮನೆ ಸೊಸೆ ಕೂತು ಕೇಳೋದಾ?’

‘ಅಮ್ಮಿ, ಅದು ಬರೀ ಟಿಕಿ ಟಿಕಿ. ಅದರಲ್ಲಿ ಗಂಡು ಯಾರು ಹೆಣ್ಣು ಯಾರು ನನಗೇ ಗೊತ್ತಾಗಲ್ಲ.’

ಬಂದು ಕೂತು ಅರ್ಧ ಗಂಟೆ ಕೇಳಿದರು. ‘ನಮ್ಮ ಹೊಲಿಗೆ ಮೆಷಿನ್ನಿಗಿಂತ ಕಡೆ’ ಎಂದು ಎದ್ದು ಹೋದರು. ಅನುಮತಿ ಸಿಕ್ಕಿದ ಹಾಗೆ.

೨೭ ನವೆಂಬರ್, ಶುಕ್ರವಾರ

ನಾಳೆ ಬೆಳಿಗ್ಗೆ ಐದೂವರೆಗೆ ಶುರು. ರಂಜಾನಿನ ಇಪ್ಪತ್ತೆಂಟನೇ ರೋಜಾ. ಇಬ್ಬರೂ ಉಪವಾಸ ಬಿಡುವುದಿಲ್ಲ ಎಂದು ಮಾತಾಗಿದೆ. ಎಚ್.ಡಿ. ಕೋಟೆಯಿಂದ ತರಿಸಿದ ಬಿದಿರಿನ ಗಳಗಳು ತಾರಸಿಯ ಮೇಲೆ ಗಟ್ಟಿಯಾಗಿ ನಿಂತಿವೆ, ನಡುವೆ ಏರಿಯಲ್ ತಂತಿ. ಜುಮ್ಮಾ ನಮಾಜಿನಲ್ಲಿ ದುವಾ ಕೇಳಿದೆ. ರೇಡಿಯೊಗೆ ದುವಾ ಕೇಳಬಹುದೋ ಇಲ್ಲವೋ ಯಾರನ್ನು ಕೇಳಲಿ?

೨೮ ನವೆಂಬರ್, ಮಧ್ಯಾಹ್ನ ೧

ನೂರ ಹನ್ನೆರಡು. ಜಪಾನಿನವರು ಮುಗಿಬಿದ್ದರು. ಕುಟ್ಟು ಒಂದು, ಕುಟ್ಟು ಒಂದು, ಕುಟ್ಟು ಎರಡು. ಗಂಟಲು ಒಣಗಿದೆ, ಆದರೆ ನಮ್ಮದು ಬಾಯಿಕೆಲಸವಲ್ಲವಲ್ಲ.

ಸಂಜೆ ೭

ಇನ್ನೂರ ನಲವತ್ತೊಂದು. ಇಫ್ತಾರ್ ಇಲ್ಲೇ. ತಾಜು ಒಂದು ಖರ್ಜೂರ ನನ್ನ ಕೈಗಿಟ್ಟು ಒಂದನ್ನು ತಾನು ಬಾಯಿಗೆ ಹಾಕಿಕೊಂಡು ಆ ಕೈಯಲ್ಲೇ ಪೋಲೆಂಡಿನವನನ್ನು ಕೇಸಿಗೆ ಹಾಕಿದಳು. ನಮಾಜಿಗೆ ಸರದಿಯ ಮೇಲೆ ಎದ್ದೆವು. ಬ್ಯಾಂಡ್ ಸತ್ತಿತು, ಯಾರೂ ಕೇಳಿಸುತ್ತಿಲ್ಲ. ಮಲಗಬೇಕು.

೨೯ ನವೆಂಬರ್, ಬೆಳಿಗ್ಗೆ ೧೧.೪೦

ಇದನ್ನು ಈಗಲೇ ಬರೆಯಬೇಕು.

ಹತ್ತೂವರೆಯಿಂದ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ನಾನು ಕೊನೆಯ ಅಕ್ಷರ ಬರೆಯುವ ಮುಂಚೆಯೇ ಕುಟ್ಟು ಬೀಳುತ್ತಿತ್ತು. ತಿರುಗಿ ನೋಡಿದರೆ ಅವಳ ಕೈ ಆಗಲೇ ಮನೆಯ ಮೇಲೆ. ಆಮೇಲೆ ಒಬ್ಬ ಬಂದ, ತೀರಾ ಕ್ಷೀಣ, ಕೊನೆಯದು ನಾಲ್ಕು ಚುಕ್ಕಿ, ಎಚ್ ಎಂದು ಬರೆದೆ.

‘ಎಚ್ ಅಲ್ಲ. ಎಸ್. ಮೂರೇ ಚುಕ್ಕಿ.’

ಇನ್ನೊಮ್ಮೆ ಹೇಳೆಂದು ಕೀಲಿ ಕುಟ್ಟಿದೆ. ಎಸ್. ಮೂರೇ ಚುಕ್ಕಿ.

‘ಯಾವಾಗ ಕಲಿತೆ?’

‘ನೀವು ಲೈಸೆನ್ಸ್ ಪರೀಕ್ಷೆಗೆ ಓದ್ವಾಗ ಎ ಡಿಡಾ, ಬಿ ಡಾಡಿಡಿಡಿ ಅಂತ ಮನೆಯೆಲ್ಲ ಸುತ್ತುತ್ತಿದ್ರಲ್ಲ. ಗೋಡೆ ಆಚೆ ಎಂಟು ವರ್ಷದಿಂದ ರೊಟ್ಟಿ ತಟ್ಟುತಿದೀನಿ. ಕಿವಿಗೆ ಬೀಗ ಹಾಕಿದ್ನಾ?’

ನಾನು ಪರೀಕ್ಷೆಗೆ ಹನ್ನೊಂದು ತಿಂಗಳು ಒದ್ದಾಡಿದೆ. ಎರಡು ಸಲ ಫೇಲ್. ಇವಳು ರೊಟ್ಟಿ ತಟ್ಟುತ್ತಾ ಕಲಿತಳು! ನಗಬೇಕೋ ಅಳಬೇಕೋ. ಎದೆ ಉಬ್ಬಿಹೋಗಿದೆ, ಯಾರಿಗೆ ಹೇಳಲಿ? ‘ಬರೆದದ್ದು ಸಾಕು, ಬ್ಯಾಂಡ್ ಹೋಗುತ್ತೆ’ ಎನ್ನುತ್ತಿದ್ದಾಳೆ.

ಸಂಜೆ ೭.೩೦

ಮೊಹಲ್ಲಾದಲ್ಲಿ ನಮ್ಮದೇ ಎತ್ತರದ ತಾರಸಿ. ಇಪ್ಪತ್ತೊಂಬತ್ತನೇ ದಿನ ಚಂದ್ರ ನೋಡಲು ಬೀದಿಯೆಲ್ಲ ಇಲ್ಲಿಗೇ ಬರುವುದು ತಾತನ ಕಾಲದಿಂದ ರೂಢಿ. ಎರಡು ತಿಂಗಳಿಂದ ಪ್ರತಿಯೊಂದನ್ನೂ ಯೋಚಿಸಿದ್ದೆ, ಇದೊಂದನ್ನು ಮರೆತೆ. ಬ್ಯಾಂಡ್ ಯುರೋಪಿಗೆ ತೆರೆದು ಅಲ್ಲಿಯವರು ಕೇಳಿಸುವ ಹೊತ್ತಿಗೆ ಸರಿಯಾಗಿ ಮೆಟ್ಟಿಲ ಮೇಲೆ ಐವತ್ತು ಜೊತೆ ಚಪ್ಪಲಿ! ಕೀಲಿ ಒತ್ತಿದಾಗ ಏರಿಯಲ್ ಮುಟ್ಟಿದರೆ ಕೈ ಸುಡುತ್ತದೆ. ಆಫ್ ಮಾಡಿ ಕೂತೆ. ಹಲ್ಲು ಕಡಿದೆ. ನಲವತ್ತು ನಿಮಿಷ. ಮೋಡ. ಚಂದ್ರ ಕಾಣಲಿಲ್ಲ. ‘ಖದೀರ್ ಭಾಯ್, ನಿಮ್ಮ ರೇಡಿಯೊದಲ್ಲಿ ಕೇಳಿ, ಎಲ್ಲಾದ್ರೂ ಕಂಡಿದೆಯಾ’ ಅಂತ ಬೇರೆ.

ಎಲ್ಲ ಇಳಿದ ಮೇಲೆ ಮತ್ತೆ ಕೂತೆವು. ಒಟ್ಟು ನಾನೂರ ಅರವತ್ತೆಂಟು. ಎರಡನೇ ಸಲ ಬಂದವರು ಲಾಗಿನಲ್ಲಿ ಒಬ್ಬರೂ ಇಲ್ಲ. ಸೊನ್ನೆ.

೧ ಡಿಸೆಂಬರ್

ಈದ್. ಶೀರ್ ಖುರ್ಮಾ ಮೂರು ಬಟ್ಟಲು. ನಿದ್ದೆ.

೬ ಡಿಸೆಂಬರ್, ಭಾನುವಾರ

ಲಾಗ್ ಪ್ರತಿ ಮಾಡಿ ಆಯಿತು. ತಾಜು ಬರೆದ ಹನ್ನೆರಡು ಹಾಳೆ, ಒಂದು ಗೀಚಿಲ್ಲ. ಜೊತೆಗೆ ಕಳಿಸಬೇಕಾದ ಫಾರಂ ತುಂಬಲು ಕೂತೆ. ಕೆಳಗೆ ಸಹಿ, ಮೇಲೆ ಪ್ರಮಾಣ. ಸಿಂಗಲ್ ಆಪರೇಟರ್ ಎಂದು ಸಹಿ ಹಾಕುವವನು ಕೀಲಿ ಒತ್ತಿದ್ದೂ ಲಾಗ್ ಬರೆದದ್ದೂ ತಾನೊಬ್ಬನೇ ಆಗಿರಬೇಕು.

ಮೂರು ಸಲ ಓದಿದೆ. ನಿಯಮದ ಹಾಳೆ ಆಗಸ್ಟಿನಲ್ಲೇ ಬಂದಿತ್ತು. ಇಂಗ್ಲಿಷ್ ಅಕ್ಷರ ಚೆನ್ನಾಗಿ ಬಿದ್ದಿದೆಯೇ ಎಂದು ನೋಡಿದ್ದೆ, ಓದಿರಲಿಲ್ಲ. ಮಡೆಯ.

ಇಬ್ಬರೆಂದು ಬರೆದರೆ ಮಲ್ಟಿ ಆಪರೇಟರ್. ಅಲ್ಲಿರುವುದು ಯುರೋಪಿನ ದೊಡ್ಡ ದೊಡ್ಡ ಕ್ಲಬ್ಬುಗಳು, ಹತ್ತು ಹತ್ತು ಜನ, ಎಲ್ಲ ಬ್ಯಾಂಡೂ. ಒಂದೇ ಬ್ಯಾಂಡಿನ ನಾವು ಪಟ್ಟಿಯ ತಳದಲ್ಲಿ. ಒಬ್ಬನೇ ಎಂದು ಬರೆದರೆ? ರುದ್ರಸ್ವಾಮಿಯದು ನಾನೂರ ಎರಡಂತೆ. ಭಾರತಕ್ಕೆ ನಾನೇ ಮೊದಲು ಬಂದರೂ ಬಂದೆ.

ತಾಜುಗೆ ಹೇಳಿದೆ. ‘ನಿಮ್ಮದೊಂದೇ ಹಾಕಿ. ಎಷ್ಟು ವರ್ಷದ ಆಸೆ’ ಎಂದಳು. ಅಷ್ಟೇ ಎಂದು ಮೊಳೆ ಹಾಕಲು ಹೋದಳು. ಪೆನ್ ತೆರೆದೆ. ಮುಚ್ಚಿದೆ.

೭ ಡಿಸೆಂಬರ್

ರುದ್ರಸ್ವಾಮಿ ಬಂದ. ನಮ್ಮ ಲೆಕ್ಕ ಕೇಳಿ ನನ್ನ ಬೆನ್ನು ತಟ್ಟಿದ. ದೊಡ್ಡ ಮನಸ್ಸು, ಅದನ್ನು ಇಲ್ಲ ಅನ್ನುವುದಿಲ್ಲ. ಫಾರಂ ತೋರಿಸಿದೆ.

‘ಅದ್ಕೇನ್ ತಲೆ ಕೆಡಿಸ್ಕತೀರಿ? ನನ್ನ ಮೀರ್ಸಿದೀರಿ, ಒಪ್ಕಂಡೆ. ಸಿಂಗಲ್ ಅಂತ ಸೈನ್ ಆಕ್ಬುಡಿ. ಅಮೇರಿಕದೋನು ಉಣಸೂರ್‌ಗೆ ಬಂದು ನೋಡ್ತಾನಾ?’

‘ಲಾಗ್ ಬರೆದವಳು ಅವಳು.’

‘ನಮ್ಮೋಳೂ ಕಾಪಿ ಕಾಯ್ಸ್ಕೊಟ್ಳು ಕಣ್ರೀ, ಅವಳೆಸ್ರೂ ಬರೀಲಾ? ಎಂಗಸ್ರು ಚೀಟಿ ಎತ್ತಾಕೋದು ಒಂದ್ ಕೆಲ್ಸ ಅಂತ…’

ಕೋಪ ನೆತ್ತಿಗೇರಿತು. ಏನೇನು ಅಂದೆನೋ ಎಲ್ಲ ನೆನಪಿಲ್ಲ. ‘ನಾನೂರ ಅರವತ್ತೆಂಟಕ್ಕೆ ಒಂದು ತಪ್ಪಿಲ್ಲ ಕಣಯ್ಯಾ! ನಾನು ಎಚ್ ಅಂದದ್ದನ್ನ ಎಸ್ ಅಂತ ತಿದ್ದಿದವಳು! ನಿನ್ನ ಲಾಗಲ್ಲಿ ಡಬಲ್ ಎಷ್ಟಿವೆ ಹೇಳು, ಹೇಳು ನೋಡೋಣ’ ಎಂದು ಕೂಗಿದೆ. ಹತ್ತೊಂಬತ್ತು ಎಂದ, ಮೆಲ್ಲಗೆ. ಅವನ ಮುಂದೆಯೇ ಫಾರಂ ಎಳೆದುಕೊಂಡು ಮಲ್ಟಿ ಆಪರೇಟರ್ ಎನ್ನುವ ಕಡೆ ಗುರುತು ಹಾಕಿದೆ. ಕಾಗದ ತೂತಾಯಿತು.

‘ನಿಮ್ಮೆಸ್ರು ಓಯ್ತಲ್ರೀ’ ಎಂದ.

ಹೋಗಲಿ. ಅವನು ಬಸ್ ಹತ್ತಿದ ಮೇಲೆ ಆ ತೂತನ್ನು ಮೂರು ಸಲ ತೆಗೆದು ನೋಡಿದೆ, ಸುಳ್ಳೇಕೆ. ಆದರೂ ಗುರುತು ಹಾಕಿದ ಕೈ ಬಗ್ಗೆ ಹೆಮ್ಮೆಯೇ ಆಯಿತು.

೮ ಡಿಸೆಂಬರ್

ಇಬ್ಬರ ಹೆಸರು ಬರೆಯುವ ಜಾಗವಿದೆ. ನನ್ನದು ಬರೆದೆ. ಅವಳದ್ದಕ್ಕೆ ‘ಮಿಸೆಸ್ ಖದೀರ್’ ಎಂದು ಶುರು ಮಾಡಿದ್ದೆ, ಭುಜದ ಮೇಲಿಂದ ನೋಡಿದಳು.

‘ಚೀಟಿ ಹಾಕಿದ್ದು ಮಿಸೆಸ್ ಅಲ್ಲ. ನನಗೊಂದು ಹೆಸರಿದೆ. ಅದನ್ನ ಬರೀರಿ.’

ಅಮ್ಮಿ ರಾಗ ತೆಗೆದರು. ‘ಮನೆ ಹೆಣ್ಣಿನ ಹೆಸರು ಪರದೇಶದ ಪುಸ್ತಕದಲ್ಲಿ ಯಾಕೋ ಬೇಟಾ?’

‘ರೇಷನ್ ಕಾರ್ಡಿನಲ್ಲಿ ಇದೆಯಲ್ಲ ಅಮ್ಮಿ, ಅದನ್ನ ಊರೆಲ್ಲ ನೋಡಲ್ವಾ?’ ಎಂದೆ. ಅಮ್ಮಿ ತಮ್ಮಷ್ಟಕ್ಕೆ, ‘ನನ್ನ ಹೆಸರು ರೇಷನ್ ಕಾರ್ಡ್ ಬಿಟ್ಟು ಇನ್ನೆಲ್ಲೂ ಇಲ್ಲ’ ಎಂದರು.

ತಾಜುನ್ನೀಸಾ ಎಂದು ಪೂರ್ತಿ ಬರೆದೆ. ಏರ್‌ಮೇಲ್. ರಿಜಿಸ್ಟರ್.

೧೦ ಅಕ್ಟೋಬರ್ ೧೯೭೧, ಭಾನುವಾರ. ಮಧ್ಯಾಹ್ನ

ರುದ್ರಸ್ವಾಮಿ ಬಂದಿದ್ದ. ಆ ಜಗಳದ ದಿನದ ಮೇಲೆ ಮೊದಲ ಸಲ. ಕಂಕುಳಲ್ಲಿ ಅಮೆರಿಕದ ಪತ್ರಿಕೆ. ನನಗೆ ಕೊಡಲಿಲ್ಲ. ಒಳಬಾಗಿಲ ಹತ್ತಿರ ಹೋಗಿ ನಿಂತ.

‘ತಂಗ್ಯವ್ವಾ, ಒಸಿ ಬತ್ತೀರಾ? ನಿಮ್ಗೇ ತಂದಿರೋದು.’

ತಾಜು ಕೈ ಒರೆಸಿಕೊಂಡು ಬಂದಳು. ಪುಟ ತೆಗೆದು ಬೆರಳಿಟ್ಟು ತೋರಿಸಿದ. ಮೊದಲು ಸಿಂಗಲ್ ಆಪರೇಟರ್ ಪಟ್ಟಿ. ಹದಿನೈದು ಮೀಟರ್, ಇಂಡಿಯಾ: ಅವನೇ ಮೊದಲು. ಆದರೆ ಅಲ್ಲಿ ಬರೀ ಕಾಲ್‌ಸೈನ್, ಅಂಕ. ಮೇಲೆ ಕೆಳಗೆ ನೋಡಿದೆ. ಸಾವಿರಾರು ಮಂದಿ, ಎಲ್ಲರದ್ದೂ ಬರೀ ಕಾಲ್‌ಸೈನ್. ಒಬ್ಬರ ಹೆಸರೂ ಇಲ್ಲ.

‘ನಿನ್ನ ಹೆಸರೆಲ್ಲಯ್ಯಾ?’

‘ಇಲ್ಲ ಕಣ್ರೀ. ಅಂದು ಬಂದಿದ್ದೂ ಇಷ್ಟೇಯಾ. ಎಸ್ರು ಅಂತ ನಾನೇ ಏಳ್ಕಂಡು ತಿರುಗ್ದೆ.’ ತಲೆ ತಗ್ಗಿಸಿದ. ‘ಸಿಂಗಲ್‌ನೋರಿಗೆ ಎಸ್ರಾಕಲ್ವಂತೆ. ಇಬ್ರು ಮೂವರು ಕೂಡಿ ಮಾಡಿದ್ರೆ ಮಾತ್ರವಂತೆ, ಯಾರ್ ಯಾರು ಅಂತ ಗೊತ್ತಾಗ್ಲಿ ಅಂತ. ಮುಂದಿನ್ ಪುಟ ನೋಡಿ.’

ಮುಂದಿನ ಪುಟ. ಕೆಳಗಿನಿಂದ ನಾಲ್ಕನೆಯದು. ನಮ್ಮ ಕಾಲ್‌ಸೈನ್, ಅದರ ಪಕ್ಕ ಸಣ್ಣ ಅಕ್ಷರದಲ್ಲಿ ಖದೀರ್, ತಾಜುನ್ನೀಸಾ.

ನಾನು ಜೋಡಿಸಿದ್ದಲ್ಲ. ಎಲ್ಲಿಯವನೋ, ಯಾರ ಕೈಯೋ, ಒಂದೊಂದಾಗಿ ಎತ್ತಿಟ್ಟಿದ್ದಾನೆ. ಇಪ್ಪತ್ಮೂರು ವರ್ಷ. ಅಂದು ಒಬ್ಬನೇ ಎಂದು ಸಹಿ ಹಾಕಿದ್ದರೆ ಈ ಹೊತ್ತು ಇಲ್ಲಿ ಏನೂ ಇರುತ್ತಿರಲಿಲ್ಲ. ಅವಳ ಹೆಸರು ಇದೆ ಎಂದೇ ನನ್ನದೂ ಇದೆ. ಅತ್ತೆ. ರುದ್ರಸ್ವಾಮಿಯ ಮುಂದೆಯೇ ಅತ್ತೆ, ನಾಚಿಕೆಯೇನಿಲ್ಲ. ಅವನೂ ಮೂಗೊರೆಸಿಕೊಂಡ.

ತಾಜು ಅಳಲಿಲ್ಲ. ಪತ್ರಿಕೆ ಎತ್ತಿಕೊಂಡು ಅಮ್ಮಿಯ ಹತ್ತಿರ ಹೋದಳು, ಎರಡೂ ಹೆಸರಿನ ಮೇಲೆ ಅಮ್ಮಿಯ ಬೆರಳು ಹಿಡಿದು ಇಡಿಸಿದಳು. ಅಮ್ಮಿಗೆ ಇಂಗ್ಲಿಷ್ ಬಾರದು. ‘ಯಾವುದು ಇವಳದು?’ ಎಂದು ಕೇಳಿ ಅದರ ಮೇಲೆ ಇನ್ನೊಮ್ಮೆ ಬೆರಳಾಡಿಸಿದರು.

ಸಂಜೆ ೪

ಪ್ರೆಸ್ಸಿಗೆ ಬಂದವರಿಗೆಲ್ಲ ಪುಟ ತೋರಿಸಿದೆ. ಪಿರಿಯಾಪಟ್ಟಣದಿಂದ ಬಿಲ್ ಪುಸ್ತಕಕ್ಕೆ ಬಂದವನು, ಕೆಳಗಿನಿಂದ ನಾಲ್ಕನೆಯದಾ ಎಂದ. ಹೌದಪ್ಪಾ, ಕೆಳಗಿನಿಂದ ನಾಲ್ಕನೆಯದು, ನಿನ್ನದೆಲ್ಲಿದೆ ತೋರಿಸು ಎಂದೆ.

ಒಳಗೆ ರಿಸೀವರ್ ಹಾಕಿದ್ದಾಳೆ. ಯುರೋಪು ತೆರೆದಿರಬೇಕು, ಇಲ್ಲಿಗೂ ಕೇಳುತ್ತಿದೆ. ಇನ್ನು ಅವಳಿಗೂ ಲೈಸೆನ್ಸ್ ಅರ್ಜಿ ತರಿಸಬೇಕು, ನಾಳೆಯೇ ಪತ್ರ ಬರೆದು — ಕೂಗುತ್ತಿದ್ದಾಳೆ. ‘ಬನ್ನಿ ಬೇಗ, ಯಾರೋ ನಮ್ಮನ್ನ ಕರೀತಿದಾರೆ’ ಅಂತ. ನಮ್ಮನ್ನ! ಹೋದೆ, ಪೆನ್ನು ಇಲ್ಲೇ ಬಿಟ್ಟು.